ಯಂತ್ರಬುದ್ಧಿಯೂ ವ್ಯಾಪಾರದ ವಿವೇಕವೂ

ಹೊಸದೊಂದು ಯಂತ್ರವು ಪೇಟೆಗೆ ಬಂದಾಗಲೆಲ್ಲ ವ್ಯಾಪಾರಿಗಳಲ್ಲಿ ಎರಡು ಪಂಗಡಗಳಾಗುವುದು ವಾಡಿಕೆ. ಮೊದಲನೆಯ ಪಂಗಡದವರು, ಅದನ್ನು ಕೊಳ್ಳದಿದ್ದರೆ ನಾಳೆಯೇ ಅಂಗಡಿ ಮುಚ್ಚಬೇಕಾದೀತೆಂದು ಹೆದರಿ ಹಣದ ಚೀಲವನ್ನು ಹಿಡಿದು ಓಡುತ್ತಾರೆ. ಎರಡನೆಯ ಪಂಗಡದವರು, ಅಜ್ಜನ ಕಾಲದಿಂದ ನಡೆದುಬಂದ ವ್ಯವಹಾರಕ್ಕೆ ಅದರ ಗೊಡವೆಯೇ ಬೇಡವೆಂದು ಬೆನ್ನು ತಿರುಗಿಸುತ್ತಾರೆ. ಕೃತಕ ಬುದ್ಧಿಮತ್ತೆ ಎಂದು ಹೆಸರಾಗಿರುವ ಯಂತ್ರಬುದ್ಧಿಯ ವಿಷಯದಲ್ಲಿಯೂ ಇಂದು ನಡೆಯುತ್ತಿರುವುದು ಇದೇ. ಮೇಲುನೋಟಕ್ಕೆ ಇವರು ಒಬ್ಬರಿಗೊಬ್ಬರು ವಿರೋಧಿಗಳಂತೆ ಕಂಡರೂ ಒಂದು ಅಂಶದಲ್ಲಿ ಇಬ್ಬರೂ ಸಮಾನರು: ಇಬ್ಬರೂ ಲೆಕ್ಕ ಹಾಕಿಲ್ಲ. ಒಬ್ಬನದು ಭಯದ ತೀರ್ಮಾನ, ಮತ್ತೊಬ್ಬನದು ಅಭ್ಯಾಸದ ತೀರ್ಮಾನ.

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ವ್ಯಾಪಾರದ ಮಾತೇಕೆಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಮುಂಬಯಿಯ ಕನ್ನಡಿಗರ ಬಾಳು ಬಹುಮಟ್ಟಿಗೆ ಉಪಾಹಾರಗೃಹ, ಅಂಗಡಿ, ಬ್ಯಾಂಕು, ಕಚೇರಿಗಳ ಆಶ್ರಯದಲ್ಲಿ ಬೆಳೆದುಬಂದುದು. ಈ ಸಂಚಿಕೆಯನ್ನು ಓದುತ್ತಿರುವವರಲ್ಲಿ ಹಲವರು ಇನ್ನು ಹತ್ತು ವರ್ಷಗಳೊಳಗೆ ಒಂದು ಅಂಗಡಿಯ ಗಲ್ಲಾದ ಹಿಂದೆಯೋ ಕಚೇರಿಯ ಮೇಜಿನ ಮುಂದೆಯೋ ಕುಳಿತಿರುತ್ತೀರಿ. ಯಂತ್ರವನ್ನು ತರಬೇಕೇ ಬೇಡವೇ, ತಂದರೆ ಯಾವ ಕೆಲಸಕ್ಕೆ ಹಚ್ಚಬೇಕು ಎಂಬ ಪ್ರಶ್ನೆ ಆಗ ನಿಮ್ಮ ಮುಂದೆ ಬಂದೇ ಬರುತ್ತದೆ. ಇಲ್ಲವೇ ಬೇರೊಬ್ಬರು ಮಾಡಿದ ತೀರ್ಮಾನದ ಫಲವನ್ನು ನೀವು ಉಣ್ಣಬೇಕಾಗುತ್ತದೆ. ಆದುದರಿಂದ ಈ ವಿಷಯವನ್ನು ಈಗಲೇ ವಿಚಾರಿಸುವುದು ಲೇಸು.

ಪ್ರಕೃತ ಲೇಖನದಲ್ಲಿ ಹೇಳಬೇಕಾಗಿರುವ ಮಾತು ಒಂದೇ. ಯಾವ ಕೆಲಸದಲ್ಲಿ ಯಂತ್ರವು ಮಾಡುವ ತಪ್ಪನ್ನು ನಾವು ಹಿಡಿಯಬಲ್ಲೆವೋ, ಹಿಡಿಯದೆ ಹೋದರೂ ಅದರ ನಷ್ಟವನ್ನು ತಾಳಬಲ್ಲೆವೋ, ಆ ಕೆಲಸವನ್ನು ಮಾತ್ರ ಅದಕ್ಕೆ ಒಪ್ಪಿಸತಕ್ಕದ್ದು. ಮಿಕ್ಕ ಮಾತೆಲ್ಲ ಇದರ ವಿವರಣೆ.

ಮೊದಲು ಈ ಯಂತ್ರದ ಸ್ವಭಾವವನ್ನು ತಿಳಿಯಬೇಕು. ಚಾಟ್‌ಜಿಪಿಟಿ ಮೊದಲಾದ ಮಾತಿನ ಯಂತ್ರಗಳು ಜನಸಾಮಾನ್ಯರ ಕೈಗೆ ಬಂದುದು ೨೦೨೨ರ ನವೆಂಬರ್ ತಿಂಗಳಿಂದ ಈಚೆಗೆ. ಅಪಾರವಾದ ಬರೆಹದ ರಾಶಿಯನ್ನು ಓದಿ, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಅವು ಕಲಿತಿರುತ್ತವೆ. ಈ ಊಹೆಯ ಬಲದಿಂದಲೇ ಪತ್ರ ಬರೆಯುತ್ತವೆ, ಭಾಷಾಂತರ ಮಾಡುತ್ತವೆ, ದೀರ್ಘವಾದ ವರದಿಯ ಸಾರಾಂಶ ಹೇಳುತ್ತವೆ. ಇವುಗಳ ಸಾಮರ್ಥ್ಯ ಬೆರಗು ಹುಟ್ಟಿಸುವಂಥದೇ ಸರಿ. ಆದರೆ ಗುಮಾಸ್ತನಿಗೆ ವಿಷಯ ತಿಳಿಯದಿದ್ದರೆ ಅವನು ತಡವರಿಸುತ್ತಾನೆ. ಅವನ ಮುಖ ನೋಡಿಯೇ ಯಜಮಾನನಿಗೆ ಸಂಶಯ ಬರುತ್ತದೆ. ಯಂತ್ರಕ್ಕೆ ಮುಖವಿಲ್ಲ. ಸರಿಯಾದುದನ್ನು ಹೇಳುವ ದನಿಯಲ್ಲಿಯೇ ತಪ್ಪನ್ನೂ ಹೇಳುತ್ತದೆ. ೨೦೨೩ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು, ಯಂತ್ರವು ಕಲ್ಪಿಸಿಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ನಿಜವೆಂದು ನಂಬಿ ನ್ಯಾಯಾಲಯಕ್ಕೆ ಒಪ್ಪಿಸಿ, ೫೦೦೦ ಡಾಲರ್ ದಂಡಕ್ಕೆ ಗುರಿಯಾದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತಾಯಿತು.

ಹೀಗಿರುವಾಗ ವ್ಯಾಪಾರಿಯು ಕೇಳಿಕೊಳ್ಳಬೇಕಾದ ಮೊದಲನೆಯ ಪ್ರಶ್ನೆ, ಯಂತ್ರವು ಎಷ್ಟು ಜಾಣ ಎಂಬುದಲ್ಲ. ನನ್ನ ಅಂಗಡಿಯಲ್ಲಿ ಯಾವ ಕೆಲಸ ಕುಂಟುತ್ತಿದೆ ಎಂಬುದು. ಈ ಪ್ರಶ್ನೆಯನ್ನು ಮರೆತು ಯಂತ್ರ ತಂದವರ ಕಥೆಯೊಂದು ವಿದ್ಯುಚ್ಛಕ್ತಿಯ ಇತಿಹಾಸದಲ್ಲಿ ದೊರೆಯುತ್ತದೆ. ಎಡಿಸನ್ ನ್ಯೂಯಾರ್ಕಿನಲ್ಲಿ ವಿದ್ಯುತ್ ಕೇಂದ್ರವನ್ನು ತೆರೆದದ್ದು ೧೮೮೨ರಲ್ಲಿ. ಆದರೆ ಅಮೆರಿಕದ ಕಾರ್ಖಾನೆಗಳಿಗೆ ಅದರ ಪೂರ್ಣ ಪ್ರಯೋಜನ ದೊರೆತದ್ದು ಸುಮಾರು ೪೦ ವರ್ಷಗಳ ಮೇಲೆ, ೧೯೨೦ರ ದಶಕದಲ್ಲಿ. ಈ ವಿಳಂಬದ ಕಾರಣವನ್ನು ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ ೧೯೯೦ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ವಿಚಾರಮಾಡಿದ್ದಾನೆ. ಕಾರ್ಖಾನೆಯವರು ಮೊದಮೊದಲು ಉಗಿಯಂತ್ರವಿದ್ದ ಜಾಗದಲ್ಲಿಯೇ ಒಂದು ದೊಡ್ಡ ವಿದ್ಯುತ್ ಮೋಟಾರನ್ನು ಕೂರಿಸಿದರು. ಛಾವಣಿಯ ಕೆಳಗಿನ ಉದ್ದನೆಯ ದಂಡ, ರಾಟೆ, ಚರ್ಮದ ಪಟ್ಟಿಗಳು ಹಾಗೆಯೇ ಉಳಿದವು. ಖರ್ಚು ಬಂತು, ಲಾಭ ಬರಲಿಲ್ಲ. ಪ್ರತಿಯೊಂದು ಯಂತ್ರಕ್ಕೂ ಅದರದೇ ಚಿಕ್ಕ ಮೋಟಾರನ್ನು ಜೋಡಿಸಿ, ಸರಕು ಸಾಗುವ ಕ್ರಮಕ್ಕೆ ಸರಿಯಾಗಿ ಕಾರ್ಖಾನೆಯ ವ್ಯವಸ್ಥೆಯನ್ನೇ ಬದಲಿಸಿದ ಮೇಲೆ ಲಾಭ ಕಾಣಿಸಿಕೊಂಡಿತು.

ವಿದ್ಯುತ್ತಿನ ಈ ಮಾತು ಮುಂಬಯಿಗೂ ಹೊಸದಲ್ಲ. ದೂರದಿಂದ ಕಲ್ಲಿದ್ದಲು ತರಿಸಿ ಉಗಿಯಂತ್ರಗಳನ್ನು ನಡೆಸುತ್ತಿದ್ದ ಇಲ್ಲಿಯ ಬಟ್ಟೆ ಗಿರಣಿಗಳಿಗೆ, ಲೋಣಾವಳೆಯ ಕೆರೆಗಳ ನೀರನ್ನು ಘಟ್ಟದ ಕೆಳಗಿನ ಖೋಪೋಲಿಗೆ ಇಳಿಸಿ ಉತ್ಪಾದಿಸಿದ ಟಾಟಾ ಸಂಸ್ಥೆಯ ಜಲವಿದ್ಯುತ್ತು ೧೯೧೫ರಲ್ಲಿ ದೊರೆಯಲಾರಂಭಿಸಿತು. ಕಲ್ಲಿದ್ದಲಿನ ಖರ್ಚು ಇಷ್ಟು, ವಿದ್ಯುತ್ತಿನ ಖರ್ಚು ಇಷ್ಟು ಎಂದು ತಾಳೆ ನೋಡುವುದಕ್ಕೆ ಗಿರಣಿಯವರ ಬಳಿ ಕಿರ್ದಿ ಖಾತೆಗಳಿದ್ದವು. ಇಂದಿನ ವ್ಯಾಪಾರಿಯ ಬಳಿ ಅಂಥ ತಾಳೆಪಟ್ಟಿ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಪತ್ರಕ್ಕೆ ಉತ್ತರ ಬರೆಯಲು ತನ್ನ ಕಚೇರಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ನೂರು ಬಿಲ್ಲುಗಳಲ್ಲಿ ಎಷ್ಟು ತಪ್ಪಾಗುತ್ತವೆ ಎಂಬುದೇ ತಿಳಿಯದವನು ಯಂತ್ರದಿಂದ ಉಳಿತಾಯವಾಯಿತೆಂದು ಯಾವ ಆಧಾರದಿಂದ ಹೇಳಿಯಾನು? ಇಂದಿನ ಕೆಲಸದ ಅಳತೆಯಿಲ್ಲದೆ ನಾಳೆಯ ಲಾಭದ ಅಳತೆಯಿಲ್ಲ.

ಎರಡನೆಯ ಪ್ರಶ್ನೆ, ತಪ್ಪಿನ ಬೆಲೆಯೆಷ್ಟು ಎಂಬುದು. ಯಂತ್ರದ ಬೆಲೆಯನ್ನು ಎಲ್ಲರೂ ಕೇಳುತ್ತಾರೆ. ತಪ್ಪಿನ ಬೆಲೆಯನ್ನು ಕೇಳುವವರು ವಿರಳ. ಅಮೆರಿಕದ ಜಿಲ್ಲೋ ಎಂಬ ಸಂಸ್ಥೆ ೨೦೦೬ರಿಂದ ಮನೆಗಳ ಬೆಲೆಯನ್ನು ಗಣಕದ ಮೂಲಕ ಅಂದಾಜುಮಾಡಿ ಜನರಿಗೆ ತಿಳಿಸುತ್ತಿತ್ತು. ಅಂದಾಜು ಒಂದಿಷ್ಟು ಹೆಚ್ಚುಕಡಿಮೆಯಾದರೆ ಓದುಗನು ನಕ್ಕು ಸುಮ್ಮನಾಗುತ್ತಿದ್ದ. ಸಂಸ್ಥೆಯ ಗಂಟೇನೂ ಹೋಗುತ್ತಿರಲಿಲ್ಲ. ಮುಂದೆ ಆ ಸಂಸ್ಥೆ ಅದೇ ಬಗೆಯ ಅಂದಾಜನ್ನು ನಂಬಿ ತನ್ನ ಸ್ವಂತ ಹಣದಿಂದ ಮನೆಗಳನ್ನೇ ಕೊಂಡು ಮಾರತೊಡಗಿತು. ಬೆಲೆಗಳು ಊಹಿಸಿದಂತೆ ನಡೆಯಲಿಲ್ಲ. ೨೦೨೧ರ ನವೆಂಬರಿನಲ್ಲಿ ಆ ವ್ಯವಹಾರವನ್ನು ಮುಚ್ಚುವುದಾಗಿ ಸಾರಬೇಕಾಯಿತು. ಮೂರೇ ತಿಂಗಳ ಲೆಕ್ಕದಲ್ಲಿ ೩೦ ಕೋಟಿ ಡಾಲರಿಗೂ ಮಿಕ್ಕಿದ ಮೌಲ್ಯವನ್ನು ನಷ್ಟವೆಂದು ಬರೆಯಬೇಕಾಯಿತು. ನೌಕರರಲ್ಲಿ ಸುಮಾರು ಕಾಲು ಭಾಗದವರು ಕೆಲಸ ಕಳೆದುಕೊಂಡರು. ಸಲಹೆಯಾಗಿದ್ದಾಗ ನಿರಪಾಯವಾಗಿದ್ದ ಊಹೆ ತೀರ್ಮಾನವಾದೊಡನೆ ಅಪಾಯಕಾರಿಯಾಯಿತು. ಇಂಥ ಊಹೆಗೆ ತಪ್ಪು ಸಹಜ. ಬದಲಾದುದು ಆ ತಪ್ಪಿಗೆ ತೆರಬೇಕಾದ ಬೆಲೆ.

ತಪ್ಪಿನ ಬೆಲೆಯನ್ನು ತೆರುವವರು ಯಾರು ಎಂಬುದನ್ನೂ ಯೋಚಿಸಬೇಕು. ಏರ್ ಕೆನಡಾ ವಿಮಾನ ಸಂಸ್ಥೆಯ ಮಾತಿನ ಯಂತ್ರವು, ಅಜ್ಜಿಯ ಮರಣದಿಂದ ಪ್ರಯಾಣ ಮಾಡಬೇಕಾಗಿದ್ದ ಒಬ್ಬ ಪ್ರಯಾಣಿಕನಿಗೆ, ಟಿಕೆಟು ಕೊಂಡ ಮೇಲೆಯೂ ರಿಯಾಯಿತಿಗೆ ಅರ್ಜಿ ಹಾಕಬಹುದೆಂದು ತಿಳಿಸಿತು. ಸಂಸ್ಥೆಯ ನಿಯಮ ಹಾಗಿರಲಿಲ್ಲ. ವ್ಯಾಜ್ಯವು ನ್ಯಾಯಮಂಡಲಿಗೆ ಹೋದಾಗ, ಆ ಯಂತ್ರವು ತನ್ನ ಮಾತಿಗೆ ತಾನೇ ಹೊಣೆ ಎಂಬ ಅರ್ಥದ ವಾದವನ್ನು ಸಂಸ್ಥೆ ಹೂಡಿತು. ೨೦೨೪ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯ ಪ್ರಾಂತದ ನ್ಯಾಯಮಂಡಲಿ ಆ ವಾದವನ್ನು ತಳ್ಳಿಹಾಕಿ, ಪ್ರಯಾಣಿಕನಿಗೆ ಪರಿಹಾರ ಕೊಡಿಸಿತು. ಮೊಬಲಗು ಸಾವಿರ ಡಾಲರನ್ನೂ ಮುಟ್ಟಲಿಲ್ಲ. ತತ್ತ್ವ ಮಾತ್ರ ದೊಡ್ಡದು. ಅಂಗಡಿಯ ಹುಡುಗ ಗಿರಾಕಿಗೆ ತಪ್ಪು ದರ ಹೇಳಿದರೆ ಧಣಿಯೇ ಹೊಣೆಯಾಗುವನಷ್ಟೆ? ಯಂತ್ರ ಹೇಳಿದರೂ ಹಾಗೆಯೇ. ಕೆಲಸವನ್ನು ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಲಾಗದು.

ಇದನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸೋಣ. ಮಸೀದಿ ಬಂದರಿನಲ್ಲಿ ಒಬ್ಬ ಸಗಟು ವ್ಯಾಪಾರಿ ಇದ್ದಾನೆಂದು ಇಟ್ಟುಕೊಳ್ಳಿ. ದರ, ದಾಸ್ತಾನು ವಿಚಾರಿಸಿ ದಿನಕ್ಕೆ ೬೦ ಪತ್ರಗಳು ಬರುತ್ತವೆ. ಒಂದೊಂದಕ್ಕೂ ಉತ್ತರ ಬರೆಯಲು ೧೦ ನಿಮಿಷದಂತೆ ದಿನಕ್ಕೆ ೧೦ ಗಂಟೆ. ೨೫ ದಿನಗಳ ತಿಂಗಳಿಗೆ ೨೫೦ ಗಂಟೆ. ಯಂತ್ರದ ನೆರವಿನಿಂದ ಒಂದು ಉತ್ತರ ೨ ನಿಮಿಷದಲ್ಲಿ ಸಿದ್ಧವಾಗುತ್ತದೆ. ಓದಿನೋಡದೆ ಹಾಗೆಯೇ ಕಳುಹಿಸಿದರೆ ತಿಂಗಳಿಗೆ ೨೦೦ ಗಂಟೆ ಉಳಿಯಿತು. ಗಂಟೆಗೆ ೧೦೦ ರೂಪಾಯಿಯಂತೆ ಅದರ ಬೆಲೆ ೨೦,೦೦೦ ರೂಪಾಯಿ. ಯಂತ್ರದ ಬಾಡಿಗೆ ೩,೦೦೦ ಕಳೆದರೆ ೧೭,೦೦೦ ಲಾಭವೆಂದು ಮಾರಾಟಗಾರನು ತೋರಿಸುವ ಪಟ್ಟಿ ಹೇಳುತ್ತದೆ. ಆ ಪಟ್ಟಿ ಇಲ್ಲಿಗೆ ಮುಗಿಯುತ್ತದೆ. ವ್ಯಾಪಾರಿಯ ಲೆಕ್ಕ ಇಲ್ಲಿಂದ ಆರಂಭವಾಗಬೇಕು.

ತಿಂಗಳ ೧,೫೦೦ ಉತ್ತರಗಳಲ್ಲಿ ನೂರಕ್ಕೆ ಎರಡು ತಪ್ಪಾದರೆ ೩೦ ತಪ್ಪುಗಳು. ಒಂದು ತಪ್ಪು ದರದಿಂದ ೫೦೦ ರೂಪಾಯಿ ಹಾನಿಯಾಗುವುದಾದರೆ ಒಟ್ಟು ೧೫,೦೦೦. ಆಗ ನಿಜವಾದ ಲಾಭ ೨,೦೦೦ ಮಾತ್ರ. ಇನ್ನು ಪ್ರತಿಯೊಂದು ಉತ್ತರವನ್ನೂ ೪ ನಿಮಿಷ ಓದಿ ತಿದ್ದಿ ಕಳುಹಿಸಿದರೆ ಉಳಿಯುವುದು ೧೦೦ ಗಂಟೆ, ಎಂದರೆ ೧೦,೦೦೦ ರೂಪಾಯಿ. ಬಾಡಿಗೆ ಕಳೆದರೆ ೭,೦೦೦. ಓದುವ ಕೆಲಸ ಬರಿಯ ಖರ್ಚಿನಂತೆ ತೋರಿದರೂ ಲಾಭವನ್ನು ಕಾಯ್ದದ್ದು ಅದೇ. ಅದೇ ತಪ್ಪಿನ ಹಾನಿ ಕೇವಲ ೫ ರೂಪಾಯಿಯಾಗಿದ್ದರೆ ತಿಂಗಳಿಗೆ ೧೫೦ ರೂಪಾಯಿ ಹೋಗುತ್ತಿತ್ತು; ಅದಕ್ಕಾಗಿ ೧೦೦ ಗಂಟೆ ಓದುತ್ತ ಕೂರುವುದು ಅವಿವೇಕ. ಹಾನಿ ೫,೦೦೦ ರೂಪಾಯಿಯಾಗಿದ್ದರೆ? ತಿದ್ದುವವನ ಕಣ್ಣಿಗೆ ಹತ್ತರಲ್ಲಿ ಒಂದು ತಪ್ಪು ತಪ್ಪಿಸಿಕೊಂಡರೂ ಮೂರು ತಪ್ಪಿಗೆ ೧೫,೦೦೦ ಹೋಗಿ, ವ್ಯಾಪಾರಿಯು ೮,೦೦೦ ಕೈಯಿಂದ ಕಳೆದುಕೊಳ್ಳುತ್ತಾನೆ. ಅಲ್ಲಿ ಯಂತ್ರವೇ ಬೇಡ. ಗುಮಾಸ್ತನೂ ತಪ್ಪುವುದುಂಟು, ಅವನ ತಪ್ಪುಗಳನ್ನೂ ಎಣಿಸಿ ತಾಳೆ ನೋಡಬೇಕು. ಸರಳತೆಗಾಗಿ ಇಲ್ಲಿ ಅದನ್ನು ಬಿಟ್ಟಿದೆ. ಯಂತ್ರವೂ ಪತ್ರಗಳೂ ಬದಲಾಗದಿದ್ದರೂ, ತಪ್ಪಿನ ಬೆಲೆ ಬದಲಾದಂತೆ ತೀರ್ಮಾನ ಮೂರು ಬಗೆಯಾಯಿತೆಂಬುದನ್ನು ಗಮನಿಸಿರಿ.

ಮೂರನೆಯದು, ಅಳೆದು ನೋಡುವ ಅಭ್ಯಾಸ. ಈ ಯಂತ್ರದ ವಿಷಯದಲ್ಲಿ ನಮ್ಮ ಅನುಭವದ ಸಾಕ್ಷಿಯನ್ನೂ ಪೂರ್ತಿ ನಂಬುವಂತಿಲ್ಲ. ೨೦೨೩ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗಿರಾಕಿಗಳ ಪ್ರಶ್ನೆಗಳಿಗೆ ಉತ್ತರ ಹೇಳುವ ಸುಮಾರು ೫ ಸಾವಿರ ನೌಕರರ ಕೆಲಸವನ್ನು ಪರಿಶೀಲಿಸಲಾಯಿತು. ಯಂತ್ರದ ನೆರವಿನಿಂದ ಅವರ ಕೆಲಸ ಸರಾಸರಿ ನೂರಕ್ಕೆ ೧೪ರಷ್ಟು ಹೆಚ್ಚಿತು. ಹೊಸಬರಲ್ಲಿ ಹೆಚ್ಚಳವು ನೂರಕ್ಕೆ ೩೪ರವರೆಗೂ ಹೋಯಿತು. ಪಳಗಿದ ಕೈಗಳಿಗೆ ಆದ ಲಾಭ ಅತ್ಯಲ್ಪ. ೨೦೨೫ರಲ್ಲಿ ಮೆಟರ್ ಎಂಬ ಅಮೆರಿಕದ ಸಂಶೋಧನ ಸಂಸ್ಥೆ, ನುರಿತ ೧೬ ಮಂದಿ ಗಣಕ ಕ್ರಮವಿಧಿ ರಚಕರಿಗೆ ಅವರು ಚೆನ್ನಾಗಿ ಬಲ್ಲ ಕೆಲಸಗಳನ್ನೇ ಕೊಟ್ಟು ಪರೀಕ್ಷಿಸಿತು. ಯಂತ್ರವನ್ನು ಬಳಸಿದಾಗ ಅವರಿಗೆ ಹಿಡಿದ ಹೊತ್ತು ನೂರಕ್ಕೆ ೧೯ರಷ್ಟು ಹೆಚ್ಚು. ಸೋಜಿಗವೆಂದರೆ, ತಮ್ಮ ಕೆಲಸ ನೂರಕ್ಕೆ ೨೦ರಷ್ಟು ಬೇಗ ಆಯಿತೆಂದೇ ಅವರು ನಂಬಿದ್ದರು! ಈ ಎರಡನೆಯ ಪರೀಕ್ಷೆ ಚಿಕ್ಕದು; ಅದರಿಂದ ಎಲ್ಲ ಕೆಲಸಗಳಿಗೂ ಅನ್ವಯಿಸುವ ಸಿದ್ಧಾಂತ ಹೊರಡದು. ಆದರೆ ಬೇಗ ಆಯಿತೆಂಬ ಭಾವನೆಗೂ ಗಡಿಯಾರಕ್ಕೂ ಎಷ್ಟು ಅಂತರವಿರಬಹುದೆಂಬುದಕ್ಕೆ ಇದೊಂದು ಎಚ್ಚರಿಕೆ.

ಆದುದರಿಂದ ಮೊದಲು ಚಿಕ್ಕದಾಗಿ ಆರಂಭಿಸಿ, ಅವಧಿಯನ್ನು ಗೊತ್ತುಮಾಡಿ, ಫಲವನ್ನು ಬರೆದಿಟ್ಟು ನೋಡಬೇಕು. ಸರಿಬರದಿದ್ದರೆ ನಿಲ್ಲಿಸುವ ಧೈರ್ಯವೂ ಇರಬೇಕು. ಕಾರಿನಲ್ಲಿ ಕುಳಿತೇ ತಿಂಡಿ ಕೇಳುವ ಗಿರಾಕಿಗಳ ಮಾತನ್ನು ಕೇಳಿ ಬರೆದುಕೊಳ್ಳುವ ಯಂತ್ರವನ್ನು ಮೆಕ್‌ಡೊನಾಲ್ಡ್ಸ್ ಸಂಸ್ಥೆ ಐ.ಬಿ.ಎಂ. ಜೊತೆಗೂಡಿ ೨೦೨೧ರಿಂದ ಪರೀಕ್ಷಿಸಿತು. ಸಾವಿರಾರು ಉಪಾಹಾರಗೃಹಗಳಿರುವ ಆ ಸಂಸ್ಥೆ ಅದನ್ನು ಇಟ್ಟು ನೋಡಿದ್ದು ನೂರಕ್ಕೆ ಸ್ವಲ್ಪ ಮಿಕ್ಕ ಕಡೆಗಳಲ್ಲಿ ಮಾತ್ರ. ಕೇಳದ ಪದಾರ್ಥಗಳನ್ನು ಯಂತ್ರ ಬರೆದುಕೊಂಡ ಪ್ರಸಂಗಗಳು ನಗೆಗೀಡಾದವು. ೨೦೨೪ರಲ್ಲಿ ಪರೀಕ್ಷೆಯನ್ನು ನಿಲ್ಲಿಸಲಾಯಿತು. ಇದನ್ನು ಸೋಲೆಂದು ಹಲವರು ಬರೆದರು. ನಮ್ಮ ದೃಷ್ಟಿಯಲ್ಲಿ ಇದು ಒಳ್ಳೆಯ ವ್ಯಾಪಾರದ ಲಕ್ಷಣ. ನೂರು ಕಡೆ ತಿಳಿದುಕೊಂಡ ಪಾಠವನ್ನು ಸಾವಿರಾರು ಕಡೆ ಕಲಿಯಬೇಕಾಗಿ ಬಂದಿದ್ದರೆ ಅದು ಸೋಲಾಗುತ್ತಿತ್ತು.

ಸ್ವೀಡನ್ನಿನ ಕ್ಲಾರ್ನಾ ಎಂಬ ಹಣಕಾಸು ಸಂಸ್ಥೆಯ ನಡೆ ಇದಕ್ಕಿಂತ ಧಾವಂತದ್ದು. ತನ್ನ ಯಂತ್ರವು ಮೊದಲ ತಿಂಗಳಲ್ಲೇ ೨೩ ಲಕ್ಷ ಸಂಭಾಷಣೆಗಳನ್ನು ನಡೆಸಿತೆಂದೂ ೭೦೦ ಮಂದಿಯ ಕೆಲಸಕ್ಕೆ ಅದು ಸಮವೆಂದೂ ೨೦೨೪ರ ಫೆಬ್ರುವರಿಯಲ್ಲಿ ಅದು ಸಾರಿಕೊಂಡಿತು. ೨೦೨೫ರ ಮೇ ತಿಂಗಳಲ್ಲಿ, ಖರ್ಚಿನ ಮೇಲೆಯೇ ಕಣ್ಣಿಟ್ಟದ್ದರಿಂದ ಸೇವೆಯ ಗುಣ ತಗ್ಗಿತೆಂದು ಅದರ ಮುಖ್ಯಸ್ಥನೇ ಒಪ್ಪಿಕೊಂಡು, ಗಿರಾಕಿಗಳೊಡನೆ ಮಾತನಾಡಲು ಮತ್ತೆ ಮನುಷ್ಯರನ್ನು ನೇಮಿಸಿಕೊಳ್ಳುವ ಕ್ರಮಕ್ಕೆ ಕೈಹಾಕಿದ. ಯಂತ್ರವನ್ನೇನೂ ಹೊರಗೆ ಹಾಕಲಿಲ್ಲ. ಸಂಭಾಷಣೆಗಳ ಸಂಖ್ಯೆಯನ್ನು ಎಣಿಸುವುದು ಸುಲಭ. ಬೇಸರಗೊಂಡು ಮತ್ತೆ ಬಾರದೆ ಹೋದ ಗಿರಾಕಿಯನ್ನು ಎಣಿಸುವುದು ಕಷ್ಟ. ಸುಲಭವಾಗಿ ಎಣಿಸಬಹುದಾದುದನ್ನೇ ಲಾಭವೆಂದು ಭ್ರಮಿಸುವವರಿಗೆ ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಸಲ್ಲುತ್ತದೆ.

ಕನ್ನಡಿಗ ವ್ಯಾಪಾರಿಗೆ ಇನ್ನೂ ಒಂದು ವಿಶೇಷ ಎಚ್ಚರ ಬೇಕು. ಈ ಯಂತ್ರಗಳು ಬರೆಹವನ್ನು ತುಣುಕುಗಳಾಗಿ ಕತ್ತರಿಸಿ ಓದುತ್ತವೆ. ಅನೇಕ ಕಂಪನಿಗಳು ಬಾಡಿಗೆಯನ್ನೂ ತುಣುಕುಗಳ ಲೆಕ್ಕದಲ್ಲಿಯೇ ವಸೂಲುಮಾಡುತ್ತವೆ. ಇಂಗ್ಲಿಷಿನ ಸಾಮಾನ್ಯ ಪದವೊಂದು ಬಹುಶಃ ಒಂದೇ ತುಣುಕಾದರೆ, ಕನ್ನಡದ ಪದವೊಂದು ಹಲವು ತುಣುಕುಗಳಾಗುವುದುಂಟು. ಅವು ಓದಿರುವ ಕನ್ನಡ ಬರೆಹದ ರಾಶಿಯೂ ಇಂಗ್ಲಿಷಿನದಕ್ಕಿಂತ ಬಹಳ ಚಿಕ್ಕದು. ಇಂಗ್ಲಿಷಿನಲ್ಲಿ ಮಾಡಿ ತೋರಿಸಿದ ಪ್ರದರ್ಶನವನ್ನು ನೋಡಿ ಕನ್ನಡ, ಮರಾಠಿ ಗಿರಾಕಿಗಳ ಕೆಲಸಕ್ಕೆ ಒಪ್ಪಂದ ಮಾಡಿಕೊಳ್ಳುವುದು, ಕನ್ನಡಿಯೊಳಗಿನ ಗಂಟಿಗೆ ಮುಂಗಡ ಹಣ ಕೊಟ್ಟಂತೆ. ತನ್ನ ಗಿರಾಕಿ ಆಡುವ ಮಾತಿನಲ್ಲಿಯೇ, ತನ್ನ ಅಂಗಡಿಯ ನಿಜವಾದ ಪತ್ರಗಳ ಮಾದರಿಯಲ್ಲಿಯೇ ಪರೀಕ್ಷಿಸಬೇಕು. ಆದರೆ ಗಿರಾಕಿಯ ಹೆಸರು, ವಿಳಾಸ, ಹಣದ ವಿವರಗಳನ್ನು ಕಂಡ ಕಂಡ ಯಂತ್ರಕ್ಕೆ ಉಣಿಸಕೂಡದು. ೨೦೨೩ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯ ನೌಕರರು ಸಂಸ್ಥೆಯ ಗುಟ್ಟಿನ ಬರೆಹಗಳನ್ನು ಹೊರಗಿನ ಯಂತ್ರಕ್ಕೆ ಒಪ್ಪಿಸಿದ ಸಂಗತಿ ಬಯಲಾಗಿ, ಸಂಸ್ಥೆಯು ಅಂಥ ಯಂತ್ರಗಳ ಬಳಕೆಯನ್ನೇ ತಡೆಯಬೇಕಾಯಿತು. ನಮ್ಮ ದೇಶದಲ್ಲಿಯೂ ಜನರ ಖಾಸಗಿ ವಿವರಗಳ ರಕ್ಷಣೆಗಾಗಿ ೨೦೨೩ರಲ್ಲಿ ಕಾಯಿದೆಯೊಂದು ಅಂಗೀಕೃತವಾಗಿದೆ. ಗಿರಾಕಿಯು ನಂಬಿ ಹೇಳಿದ ಮಾತು ವ್ಯಾಪಾರಿಯ ಸ್ವತ್ತಲ್ಲ, ಅವನಲ್ಲಿ ಇಟ್ಟ ಒತ್ತೆ.

ಇಷ್ಟೆಲ್ಲ ಎಚ್ಚರಿಕೆ ಹೇಳಿದರೆ ಯಂತ್ರದಿಂದ ದೂರವಿರಿ ಎಂದು ಬೋಧಿಸಿದಂತಾಯಿತಲ್ಲವೇ, ಅಷ್ಟರಲ್ಲಿ ಎದುರಂಗಡಿಯವನು ಮುಂದೆ ಹೋಗಿಬಿಡುವುದಿಲ್ಲವೇ ಎಂಬ ಆಕ್ಷೇಪಣೆ ಬರಬಹುದು. ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಸರಿಯಾದ ಕೆಲಸಕ್ಕೆ ಸರಿಯಾದ ರೀತಿಯಲ್ಲಿ ಹಚ್ಚಿದ ಕಡೆ ಈ ಯಂತ್ರವು ನಿಜವಾಗಿಯೂ ಕೈಹಿಡಿಯುತ್ತದೆ. ಅಲ್ಲಿ ಅದನ್ನು ದೂರವಿಡುವುದೂ ನಷ್ಟವೇ. ಇದಕ್ಕೆ ದೃಷ್ಟಾಂತ ವ್ಯಾಪಾರದ ಹೊರಗಿನದಾದರೂ ಸ್ವೀಕಾರಾರ್ಹವಾದುದು. ಸ್ವೀಡನ್ನಿನಲ್ಲಿ ಹೆಂಗಸರ ಸ್ತನದ ಎಕ್ಸ್‌ರೇ ಚಿತ್ರಗಳನ್ನು ಇಬ್ಬಿಬ್ಬರು ವೈದ್ಯರು ನೋಡುವ ಪದ್ಧತಿಯಿತ್ತು. ೮೦ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಎರಡು ಗುಂಪುಮಾಡಿ, ಒಂದು ಗುಂಪಿನ ಚಿತ್ರಗಳನ್ನು ಹಳೆಯ ಪದ್ಧತಿಯಂತೆ, ಮತ್ತೊಂದನ್ನು ಯಂತ್ರದ ಸಹಾಯದಿಂದ ಪರೀಕ್ಷಿಸಿದರು. ಸಂಶಯ ಹೆಚ್ಚಿದ್ದ ಚಿತ್ರಗಳನ್ನು ಇಬ್ಬರು, ಮಿಕ್ಕವನ್ನು ಒಬ್ಬರು ವೈದ್ಯರು ನೋಡುವಂತೆ ಯಂತ್ರವು ವಿಂಗಡಿಸಿತು. ೨೦೨೩ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪತ್ತೆಯಾದ ಕ್ಯಾನ್ಸರ್ ರೋಗಗಳ ಸಂಖ್ಯೆ ಕಡಿಮೆಯಾಗಲಿಲ್ಲ. ವೈದ್ಯರು ಚಿತ್ರ ನೋಡುವ ಹೊರೆ ನೂರಕ್ಕೆ ೪೪ರಷ್ಟು ಇಳಿಯಿತು.

ಇಲ್ಲಿ ಏನೇನು ನಡೆಯಿತೆಂಬುದನ್ನು ನೋಡಿರಿ. ಕುಂಟುತ್ತಿದ್ದ ಕೆಲಸ ಯಾವುದೆಂದು ಮೊದಲೇ ಗೊತ್ತಿತ್ತು. ಹಳೆಯ ಪದ್ಧತಿಯ ಅಳತೆ ಪಕ್ಕದಲ್ಲಿಯೇ ಇತ್ತು. ಯಾವ ಚಿತ್ರವೂ ವೈದ್ಯನ ಕಣ್ಣಿಗೆ ಬೀಳದೆ ಹೋಗಲಿಲ್ಲ. ತಪ್ಪನ್ನು ಹಿಡಿಯುವವನು ತನ್ನ ಜಾಗದಲ್ಲಿಯೇ ಇದ್ದ. ಎದುರಂಗಡಿಯವನ ವೇಗವನ್ನು ಕಂಡು ಕರುಬುವ ಬದಲು ಈ ಮೂರು ಸಂಗತಿಗಳು ಅವನಲ್ಲಿವೆಯೇ ಎಂದು ವಿಚಾರಿಸಬೇಕು. ಇದ್ದರೆ ಅವನಿಂದ ಕಲಿಯಬೇಕು. ಇಲ್ಲದಿದ್ದರೆ ಅವನ ಹಿಂದೆ ಓಡಬೇಕಾದ ಕಾರಣವಿಲ್ಲ.

ತಪ್ಪನ್ನು ಹಿಡಿಯುವವನು ಎಂದೆವಷ್ಟೆ. ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಹತ್ತಿರವಾದ ಮಾತು ಇಲ್ಲಿಯೇ ಇದೆ. ಆ ಕಣ್ಣು ಅವನಿಗೆ ಬಂದುದು ಎಲ್ಲಿಂದ? ಮುಂಬಯಿಯ ಕನ್ನಡಿಗರ ಇತಿಹಾಸವೇ ಇದಕ್ಕೆ ಉತ್ತರ ಹೇಳುತ್ತದೆ. ಹಗಲೆಲ್ಲ ಉಪಾಹಾರಗೃಹದಲ್ಲಿ ದುಡಿದು, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಕೆಯನ್ನು ತಡೆದು ಓದಿದ ಹುಡುಗರು ಈ ನಗರದಲ್ಲಿ ಎಷ್ಟೋ ಮಂದಿ. ಮೇಜು ಒರೆಸುವವನಾಗಿ ಬಂದವನು ಸಪ್ಲೈಯರ್ ಆದ, ಬಳಿಕ ಗಲ್ಲಾದಲ್ಲಿ ಕುಳಿತ, ಮುಂದೆ ಮ್ಯಾನೇಜರ್ ಆದ. ಕೆಲವರು ಧಣಿಗಳೂ ಆದರು. ಬೆಳಗಿನ ಹಾಲು ಎಷ್ಟು ಬೇಕು, ಮಳೆಗಾಲದ ಸಂಜೆ ಯಾವ ತಿಂಡಿ ಉಳಿಯುತ್ತದೆ, ಯಾವ ಬಿಲ್ಲಿನಲ್ಲಿ ಮೋಸವಿದೆ ಎಂಬುದನ್ನು ಅಂಥ ಧಣಿಗೆ ಯಾರೂ ಪುಸ್ತಕದಿಂದ ಕಲಿಸಲಿಲ್ಲ. ಕೆಳಗಿನ ಮೆಟ್ಟಿಲುಗಳ ಮೇಲೆ ಕಳೆದ ವರ್ಷಗಳೇ ಕಲಿಸಿದುವು.

ಇಂದು ಯಂತ್ರಬುದ್ಧಿಯು ಮೊದಲು ಕೈಹಾಕುತ್ತಿರುವುದು ಕಚೇರಿಗಳ ಇಂಥ ಕೆಳಗಿನ ಮೆಟ್ಟಿಲುಗಳಿಗೆ: ಕರಡು ಬರೆಯುವುದು, ಪಟ್ಟಿ ಮಾಡುವುದು, ಸಾಮಾನ್ಯ ಪ್ರಶ್ನೆಗಳಿಗೆ ಉತ್ತರಿಸುವುದು, ಚಿಕ್ಕ ಪುಟ್ಟ ಕ್ರಮವಿಧಿ ರಚಿಸುವುದು. ೨೦೨೫ರ ಆಗಸ್ಟಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಅಮೆರಿಕದ ಸಂಬಳದ ಪಟ್ಟಿಗಳನ್ನು ಪರಿಶೀಲಿಸಿ ಪ್ರಕಟಿಸಿದ ಪ್ರಬಂಧದಂತೆ, ಯಂತ್ರಬುದ್ಧಿಯ ಪ್ರಭಾವಕ್ಕೆ ಹೆಚ್ಚಾಗಿ ಒಳಗಾದ ವೃತ್ತಿಗಳಲ್ಲಿ ೨೨ರಿಂದ ೨೫ ವಯಸ್ಸಿನವರ ಉದ್ಯೋಗ, ೨೦೨೨ರ ಕೊನೆಯಿಂದೀಚೆಗೆ, ಇತರರಿಗೆ ಹೋಲಿಸಿದರೆ ನೂರಕ್ಕೆ ೧೩ರಷ್ಟು ಇಳಿದಿದೆ. ಅದೇ ವೃತ್ತಿಗಳಲ್ಲಿ ಅನುಭವಸ್ಥರ ಉದ್ಯೋಗ ಇಳಿದಿಲ್ಲ. ಯಂತ್ರವು ಮನುಷ್ಯನಿಗೆ ಬದಲಾಗಿ ನಿಲ್ಲದೆ ಅವನಿಗೆ ನೆರವಾಗುವ ಕಡೆಗಳಲ್ಲಿ ಕಿರಿಯರಿಗೂ ಇಂಥ ಇಳಿತ ಕಾಣಲಿಲ್ಲ. ಈ ಇಳಿತಕ್ಕೆ ಯಂತ್ರವೊಂದೇ ಕಾರಣವೇ ಎಂಬುದರ ಬಗ್ಗೆ ಪಂಡಿತರಲ್ಲಿ ಚರ್ಚೆಯಿದೆ. ಆದರೆ ದಿಕ್ಕು ಯೋಚನೆಗೆ ಹಚ್ಚುವಂಥದು.

ಹಳಬರನ್ನು ಉಳಿಸಿಕೊಂಡು ಹೊಸಬರನ್ನು ಸೇರಿಸಿಕೊಳ್ಳದ ಸಂಸ್ಥೆಗೆ ಈ ವರ್ಷದ ಲೆಕ್ಕದಲ್ಲಿ ಲಾಭ ಕಾಣುತ್ತದೆ. ಹತ್ತು ಹದಿನೈದು ವರ್ಷಗಳ ಮೇಲೆ ಹಳಬರು ನಿವೃತ್ತರಾದಾಗ, ಯಂತ್ರದ ತಪ್ಪನ್ನು ಹಿಡಿಯುವ ಕಣ್ಣು ಅಲ್ಲಿ ಉಳಿದಿರುವುದಿಲ್ಲ. ಬಿತ್ತನೆಯ ಬೀಜವನ್ನು ಕುಟ್ಟಿ ಉಂಡ ಒಕ್ಕಲಿಗನಿಗೆ ಆ ದಿನದ ಊಟವೇನೋ ಚೆನ್ನಾಗಿಯೇ ಇರುತ್ತದೆ. ಆದುದರಿಂದ ಹೊಸಬನೊಬ್ಬನನ್ನು ಕಲಿಸಿ ಬೆಳೆಸುವ ಖರ್ಚನ್ನು ಉದಾರತೆಯ ಬಾಬ್ತಿಗೆ ಬರೆಯದೆ, ಯಂತ್ರದ ಬಾಡಿಗೆಯ ಪಕ್ಕದಲ್ಲಿಯೇ ವ್ಯಾಪಾರದ ಖರ್ಚೆಂದು ಬರೆಯತಕ್ಕದ್ದು. ಯಂತ್ರವು ಹೊಸಬರಿಗೆ ಹೆಚ್ಚು ನೆರವಾಗುತ್ತದೆಂದು ಮೇಲೆ ಹೇಳಿದ ಅಧ್ಯಯನವೇ ತೋರಿಸಿದೆ. ಹೊಸಬರನ್ನು ಹೊರಗಿಡುವುದಕ್ಕಿಂತ ಅವರ ಕೈಗೆ ಅದನ್ನು ಕೊಟ್ಟು, ಹಿರಿಯರ ಕಣ್ಣಿನ ಕೆಳಗೆ ದುಡಿಸುವುದು ಮೇಲು.

ಇನ್ನು ವಿದ್ಯಾರ್ಥಿಗಳು ಮಾಡಬೇಕಾದುದೇನು? ಯಂತ್ರವನ್ನು ನಡೆಸುವುದನ್ನು ಕಲಿಯಿರಿ ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ಅದನ್ನು ನೀವು ಹೇಗಿದ್ದರೂ ಕಲಿಯುತ್ತೀರಿ. ಅದಕ್ಕಿಂತ ಮುಖ್ಯವಾದುದು ಅದರ ತಪ್ಪನ್ನು ಕಾಣಬಲ್ಲವರಾಗುವುದು. ಬಾಯಿಲೆಕ್ಕವನ್ನು ಬಲ್ಲವನಿಗೆ ಮಾತ್ರ ಬಿಲ್ಲಿನ ಮೊತ್ತ ನೋಡಿದೊಡನೆ ಸಂಶಯ ಬರುತ್ತದೆ. ಕನ್ನಡವನ್ನು ಚೆನ್ನಾಗಿ ಓದಿದವನಿಗೆ ಮಾತ್ರ ಭಾಷಾಂತರದ ಅಪದ್ಧ ಕಿವಿಗೆ ತಾಕುತ್ತದೆ. ಪ್ರಬಂಧವನ್ನು ತಾನೇ ಕಷ್ಟಪಟ್ಟು ಬರೆದವನಿಗೆ ಮಾತ್ರ ಎರವಲು ಪ್ರಬಂಧದ ಪೊಳ್ಳು ತಿಳಿಯುತ್ತದೆ. ಮನೆಗೆಲಸದ ಲೆಕ್ಕವನ್ನು ಯಂತ್ರದಿಂದ ಮಾಡಿಸಿ ಶಿಕ್ಷಕರಿಗೆ ಒಪ್ಪಿಸುವ ವಿದ್ಯಾರ್ಥಿಯು, ಮುಂದೆ ತನಗೆ ಸಂಬಳ ತರಬೇಕಾದ ಸಾಮರ್ಥ್ಯವನ್ನೇ ಒಪ್ಪಿಸಿಬಿಡುತ್ತಾನೆ. ಶಾಲೆಯಲ್ಲಿ ಮಾಡಿದ ತಪ್ಪಿಗೆ ತೆರಬೇಕಾದುದು ಒಂದು ಕೆಂಪು ಗೀಟು ಮಾತ್ರ. ಇಷ್ಟು ಅಗ್ಗವಾಗಿ ತಪ್ಪು ಮಾಡಿ ಕಲಿಯುವ ಅವಕಾಶ ಬಾಳಿನಲ್ಲಿ ಮತ್ತೆ ದೊರೆಯದು.

ನಾಳೆ ನೀವು ಧಣಿಗಳಾಗಿ ಕುಳಿತಾಗ ಹೊಸ ಯಂತ್ರದ ಮಾರಾಟಗಾರನು ಚೆಂದದ ಪಟ್ಟಿಯನ್ನು ಹಿಡಿದು ಬಂದೇ ಬರುತ್ತಾನೆ. ಅವನನ್ನು ಓಡಿಸಬೇಡಿ, ಕುಳ್ಳಿರಿಸಿ, ಒಂದು ಲೋಟ ಕಾಫಿ ಕೊಟ್ಟು ಕೇಳಿರಿ: ಇದು ಯಾವ ಕೆಲಸಕ್ಕೆ? ತಪ್ಪಿದರೆ ಎಷ್ಟು ಹೋಗುತ್ತದೆ? ತಪ್ಪನ್ನು ಹಿಡಿಯುವವರು ಯಾರು? ಚಿಕ್ಕದಾಗಿ ನೋಡಿ ನಿಲ್ಲಿಸಲು ಆಗುತ್ತದೆಯೇ? ಈ ನಾಲ್ಕು ಪ್ರಶ್ನೆಗಳಿಗೂ ನಿಮಗೆ ಒಪ್ಪುವ ಉತ್ತರ ದೊರೆತರೆ ಧೈರ್ಯವಾಗಿ ಕೊಳ್ಳಿರಿ. ಮೂರನೆಯ ಪ್ರಶ್ನೆಯ ಉತ್ತರವಂತೂ ಅವನ ಪಟ್ಟಿಯಲ್ಲಿ ಇರುವುದಿಲ್ಲ. ಅದನ್ನು ನೀವು ಇಂದಿನಿಂದಲೇ ಸಿದ್ಧಪಡಿಸಿಕೊಂಡಿರಬೇಕು.